ಬಿಟ್ಟ ಮೀನು ಬದುಕಬೇಕು

ಸಿಂದಗಿ ತಾಲೂಕಿನ ಮೋರಟಗಿಯಲ್ಲಿ ನಡೆದ ಮಾತುಕತೆ ಇದು. ಕಾಕಾ ಭೀಮಾ ದಂಡೆಯ ಅಂಬಿಗರ ಮನೆತನದವರು, ಬಲೆ ಬೀಸಿ ಸಂಸಾರ ನಡೆಸಿದವರು. ‘ತಮ್ಮ’ ಮಂಡ್ಯದ ಕಡೆ ನೌಕರಿಯಲ್ಲಿರುವವನು, ರಜೆಗೆ ಊರಿಗೆ ಬಂದವನು. ಗಾಳದ ಕೋಲು ಹಿಡಿದು ನದಿಗೆ ಹೋಗುತ್ತಾನೆ, ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುತ್ತಾನೆ.

ಕಾಕಾ: ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ. ತಿನ್ನಾಕ ಅಲ್ಲ, ಮಾರಾಕ ಅಲ್ಲ ಅಂದ ಮ್ಯಾಲ ಮೀನ ಹಿಡಿಯೂದರ ಯಾಕ? ನಾವು ಹೊಟ್ಟಿಪಾಡಿಗೆ ಹಿಡದವರು. ಬಲಿ ಬೀಸೂ ಮುಂದ ಗಂಗವ್ವಗ ಕೈ ಮುಗದ ಬೀಸತಿದ್ವಿ. ನೀ ಬಾಯಿಗೆ ಗಾಳ ಚುಚ್ಚಿ, ಎಳದಾಡಿಸಿ, ಫೋಟೋ ಹೊಡಕೊಂಡು ಬಿಡ್ತಿ. ಮೀನಿಗೆ ಇದರಾಗ ಏನ ಬಂತು?

ತಮ್ಮ: ಈ ಪ್ರಶ್ನೆ ನೀವೊಬ್ಬರ ಕೇಳಿದ್ದಲ್ರಿ ಕಾಕಾ. ಸ್ವಿಟ್ಜರ್ಲೆಂಡ್ ದೇಶದಾಗ, ಬಿಡಬೇಕಂತನ ಮನಸ್ಸು ಮಾಡಿ ಮೀನ ಹಿಡಿಯೂದು 2009ರಿಂದ ಕಾನೂನಿಗೆ ವಿರುದ್ಧ. ಹಿಡಿದ್ರ ತಿನ್ನಾಕ ಹಿಡೀರಿ, ಇಲ್ಲಂದ್ರ ಅದರ ಪಾಡಿಗೆ ಅದನ್ನ ಬಿಡ್ರಿ ಅಂತಾರ ಅವರು. ಅಮೆರಿಕದವರದು ಬ್ಯಾರೆ ದಾರಿ. ಅಲ್ಲಿ ಬಾಸ್ ಅಂತ ಸಿಹಿನೀರಿನ ಮೀನ ಅದ, ಅದನ್ನ ಹಿಡಿಯೂ ಪಂದ್ಯ ನಡಸ್ತಾರ. ಆ ಪಂದ್ಯಗಳನ್ನ ಕಟ್ಟಿ ಬೆಳಸಿದ ರೇ ಸ್ಕಾಟ್ ಅನ್ನಾವರು 1972ರಾಗ, ಹಿಡಿದ ಮೀನ ಕೊಲ್ಲಬ್ಯಾಡ್ರಿ, ಜೀವಂತ ತೂಗಿ ನೀರಿಗೆ ಬಿಡ್ರಿ ಅಂತ ಹೇಳಿದ್ರು. ಎರಡೂ ದೇಶದವರು ಮೀನಿನ ಮ್ಯಾಲಿನ ಕಾಳಜಿಯಿಂದನ ಮಾತಾಡ್ಯಾರ.

ಕಾಕಾ: ಅವರದು ಇರಲಿ. ನಮ್ಮ ಕಡಿ ಇದು ಎಲ್ಲಿಂದ ಬಂತು?

ತಮ್ಮ: ಕಾವೇರಿಯಿಂದ್ರಿ. ಅಲ್ಲಿ ಮಶೀರ್ ಮೀನ ಅದ, ಆ ಕಡಿ ಮಂದಿ ಬಿಳಿ ಮೀನ ಅಂತಾರ. ಮೈಸೂರಿನ ವ್ಯಾನ್ ಇಂಗೆನ್ ಮನಿತನದ ಒಬ್ಬರು 1946ರ ಮಾರ್ಚಿನಾಗ ಕಬಿನಿಯೊಳಗ 120 ಪೌಂಡಿನ ಮಶೀರ್ ಹಿಡದಿದ್ರು. ನಮ್ಮ ಲೆಕ್ಕಕ್ಕ 54 ಕಿಲೋ, ಒಬ್ಬ ಆಳಿನ ತೂಕ. ಆಮ್ಯಾಲ ಬರಬರತ ಅಂಥಾ ಮೀನ ಮುಗದ ಹೋಗ್ಯಾವ ಅಂತ ಹೊರಗಿನ ಮಂದಿ ತಿಳಕೊಂಡಿದ್ರು. 1977-78ರಾಗ ಇಂಗ್ಲೆಂಡಿನ ಮೂರು ಮಂದಿ ಹುಡುಕೊಂಡ ಬಂದು, ಕಾವೇರಿಯೊಳಗ ಇನ್ನೂ ದೊಡ್ಡ ಮೀನ ಅವ ಅಂತ ತೋರಿಸಿದ್ರು. ಅಲ್ಲಿಂದ ಮುಂದ ಭೀಮೇಶ್ವರಿ, ಗಾಳಿಬೋರೆಯಂಥಾ ಕಡಿ ಶಿಬಿರ ಶುರುವಾದವು. ಗಾಳಕ್ಕ ರಾಗಿ ಉಂಡಿ ಹಚ್ಚತಿದ್ರು, ಹರಗೋಲಿನಾಗ ಮೀನಿನ ಬೆನ್ನ ಹತ್ತತಿದ್ರು, ತೂಕ ಬರಕೊಂಡು ಹೊಳಿಗೇ ಬಿಡತಿದ್ರು. ಬೆಂಗಳೂರಿನ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ 1972ರಾಗ ಹುಟ್ಟಿದ್ದು, ಆ ಸಂಸ್ಥೆಯವರೂ ನದಿಯ ಒಂದಿಷ್ಟು ಭಾಗ ಕಾಯಕೊಂಡ ಬಂದ್ರು. ಕೊಡಗಿನಾಗ ವಾಲ್ನೂರಿನ ಹತ್ತಿರ ಕೊಡಗು ವನ್ಯಜೀವಿ ಸಂಘದವರೂ ಹಿಂಗ ಮಾಡ್ಯಾರ.

ಕಾಕಾ: ಕಾಯೂದು ಅಂದ್ರ?

ತಮ್ಮ: ಮದ್ದು ಹಾಕವರಿಂದ. ನೀರಾಗ ಮದ್ದ ಸಿಡಿಸಿದ್ರ ಏನ ಆಗ್ತದ ನಿಮಗ ಹೇಳೂದ ಬ್ಯಾಡ.

ಕಾಕಾ: ಮಡುವಿಗೆ ಮಡುವ ಬರಿದಾಗ್ತದ. ದೊಡ್ಡದು, ಮರಿ, ತತ್ತಿ ಯಾವದೂ ಉಳಿಯೂದಿಲ್ಲ. ಮ್ಯಾಲ ತೇಲಿದ್ದು ನಾಕಾಣಿ, ತಳಕ್ಕ ಕುಂತದ್ದು ಹನ್ನೆರಡಾಣಿ. ಅಂಥಾವರಿಗೆ ಅಂಬಿಗರನ್ನೂ ಹೆಸರ ಇಲ್ಲ.

ತಮ್ಮ: ಶಿಬಿರದವರು ಒಂದು ಛಲೋ ಕೆಲಸ ಮಾಡಿದ್ರು. ಕಳುವಿಲೆ ಮೀನ ಹಿಡೀತಿದ್ದ ಮಂದಿನ್ನ ಕರದು ದಾರಿ ತೋರಸೂ ಕೆಲಸ, ಕಾವಲ ಕಾಯೂ ಕೆಲಸ ಕೊಟ್ರು. ಹೊಳಿ ಗೊತ್ತಿದ್ದವರು ಹೊಳಿ ಕಾಯಾಕ ನಿಂತ್ರು. ಮೀನ ಜೀವಂತ ಇದ್ದರ ಪಗಾರ ಅನ್ನೂದು ಗೊತ್ತಾತು. ಆದ್ರ ಆ ಶಿಬಿರದ ಜಾಗಾ ಕಾವೇರಿ ವನ್ಯಜೀವಿ ಧಾಮ, 1987ರಾಗ ಘೋಷಣೆ ಆದದ್ದು. ಧಾಮದೊಳಗ ಗಾಳ ಹಾಕೂದೂ ಬ್ಯಾಟಿ ಅಂತ ಕಾನೂನ ನೋಡತದ. 2012ರ ಹೊತ್ತಿಗೆ ಗಾಳ ನಿಂತತು. ಕಾಡಿನ ಕಾನೂನ ಒಂದೇ ಇರಬೇಕು ಅನ್ನೂದು ನನಗ ಒಪ್ಪಿಗಿ ಅದ. ಆದ್ರ ಗಾಳದವರ ಜೋಡಿ ಕಾವಲಿನವರೂ ಹೋದ್ರಲ್ಲ, ಅದು ನದಿಗೆ ಆದ ಲುಕ್ಸಾನು ಅಂತ ಮೀನಿನ ವಿಜ್ಞಾನಿಗಳು ಬರದಾರ. ನಾನೂ ಹಂಗ ತಿಳದೀನಿ.

ಕಾಕಾ: ಮೀನ ಹಿಡದ ಬಿಟ್ಟಿದ್ದರಿಂದ ಮತ್ತೇನ ಸಿಕ್ಕತು? ಬರೇ ಕಾವಲೇನ?

ತಮ್ಮ: ಲೆಕ್ಕ ಸಿಕ್ಕತ್ರಿ. ಗಾಳಿಬೋರೆಯಾಗ 1998ರಿಂದ 2012ರ ತನಕ 6,161 ಮಶೀರ್ ಹಿಡದು, ಬರಕೊಂಡು, ಬಿಟ್ಟಾರ. ಆ ದಫ್ತರ ತಗದು ಕುಂತಾಗ ಗೊತ್ತಾತು, ಕಾವೇರಿಯ ಸ್ವಂತದ್ದಾದ ಗೂನುಬೆನ್ನಿನ ಮಶೀರ್ ವರ್ಷಾ ವರ್ಷಾ ಕಡಿಮಿ ಆಗಲಿಕ್ಕತ್ತೇದ, ಅದರ ಜಾಗಾದಾಗ ನೀಲಿ ರೆಕ್ಕಿಯ ಇನ್ನೊಂದು ಮಶೀರ್ ತುಂಬಲಿಕ್ಕತ್ತೇದ. ಆ ಗೂನುಬೆನ್ನಿನ ಮೀನಿಗೆ ವಿಜ್ಞಾನದಾಗ ಇರೂ ಹೆಸರು ಟಾರ್ ರೆಮಾದೇವಿ ಅಂತ 2018ರಾಗ ಖಾತ್ರಿ ಮಾಡಿದ್ರು. ಅದೇ ವರ್ಷ ಅಳಿವಿನ ಅಂಚಿಗೆ ಬಂದ ಜೀವಿಗಳ ಜಾಗತಿಕ ಪಟ್ಟಿಯೊಳಗ, ಅತೀ ಗಂಡಾಂತರದಾಗ ಇರೂದು ಅಂತ ಸೇರಿಸಿದ್ರು.

ಕಾಕಾ: ನೀಲಿ ರೆಕ್ಕಿದು ಎಲ್ಲಿಂದ ಬಂತು ಮತ್ತ?

ತಮ್ಮ: ನಮ್ಮ ಭೀಮಾ ಕಡಿಯಿಂದ್ರಿ ಕಾಕಾ. ಪುಣೆಯ ಮುಳಾ-ಮುಠಾ ಹೊಳಿ ಭೀಮಾಕ್ಕ ಕೂಡ್ತದಲ್ಲ, ಅದರಾಗ ಹಿಡದ ಮೀನ ನೋಡಿ ಕರ್ನಲ್ ಸೈಕ್ಸ್ ಅನ್ನೂ ಬ್ರಿಟಿಷ್ ಅಧಿಕಾರಿ 1839ರಾಗ ಖುದ್ರೀ ಅಂತ ಹೆಸರಿಟ್ಟ. ಮುಂದ ಲೋಣಾವಳಾದಾಗ ಟಾಟಾ ವಿದ್ಯುತ್ ಕಂಪನಿಯವರು ಆ ಮೀನಿನ ಮರಿ ಮಾಡಿ ದೇಶದ ಎಷ್ಟೋ ಹೊಳಿಗಳಿಗೆ ಕೊಟ್ಟರು. ಒಳ್ಳೇ ಮನಸ್ಸಿನಿಂದನ ಕೊಟ್ಟರು. ಕಾವೇರಿಗೂ ಹೋದವು, ಅಲ್ಲಿ ಬೇರ ಬಿಟ್ಟವು. ಗಾಳ ಹಾಕವರು ಬರದ ಇಟ್ಟಿರದಿದ್ದರ ಗೂನುಬೆನ್ನಿಂದು ಹೋಗೂದು ಯಾರ ಗಮನಕ್ಕೂ ಬರತಿರಲಿಲ್ಲ.

ಕಾಕಾ: ಒಂದು ಹೊಳಿ ಮೀನ ಇನ್ನೊಂದು ಹೊಳಿಗೆ ಒಯ್ಯಬಾರದು. ಅದು ಆತು. ಈಗ ನನ್ನ ಅಸಲ ಪ್ರಶ್ನೆಗೆ ಬಾ. ಬಿಟ್ಟೆ ಅಂತಿ, ಬದುಕ್ತು ಅಂತ ಹ್ಯಾಂಗ ಹೇಳ್ತಿ? ಬಲಿಯಾಗ ಸಿಕ್ಕ ಸಣ್ಣ ಮೀನ ಬಿಟ್ಟಾಗ ಬಾಲ ಬಡದ ಹೋಗೇ ಹೋಗ್ತದ. ಮರುದಿನ ಕೆಳಗಿನ ಮಡುವಿನಾಗ ಹೊಟ್ಟಿ ಮ್ಯಾಲ ಮಾಡಿ ತೇಲಿದ್ದೂ ಅದ. ಹೋಗೂ ಮುಂದ ನೋಡಿ ಲೆಕ್ಕ ಹಾಕಾಕ ಬರೂದಿಲ್ಲ.

ತಮ್ಮ: ಇದಕ್ಕನ ನಾ ಕಾಯತಿದ್ದೆ. ಗಾಳದವರು ಭಾಳ ಮಂದಿ ಇಲ್ಲೇ ತಪ್ಪತಾರ. ಕೆನಡಾದಾಗ ಇಬ್ಬರು ವಿಜ್ಞಾನಿಗಳು ಟ್ರೌಟ್ ಮೀನಿನ ಮ್ಯಾಲ ಒಂದು ಪ್ರಯೋಗ ಮಾಡಿದ್ರು, 1992ರಾಗ ಪ್ರಕಟ ಆಗ್ಯದ. ಗಾಳಕ್ಕ ಸಿಕ್ಕ ಮೀನ ದಣಿಯೂ ಹಂಗ ಬೆನ್ನ ಹತ್ತಿ ದಣಿಸಿದ್ರು. ನೀರ ಬಿಟ್ಟು ತಗೀಲಾರದ ಮೀನಿನಾಗ 100ಕ್ಕ 12 ಸತ್ತವು. ದಣಿಸಿದ ಮ್ಯಾಲ 30 ಸೆಕೆಂಡ್ ಗಾಳಿಯಾಗ ಇಟ್ಟದ್ದರಾಗ 100ಕ್ಕ 38 ಸತ್ತವು. ಒಂದ ನಿಮಿಷ ಇಟ್ಟದ್ದರಾಗ 72. ಸತ್ತದ್ದು ಅಲ್ಲೇ ಕೈಯಾಗ ಅಲ್ಲ, ನೀರಿಗೆ ಹೋದ ಮ್ಯಾಲ, ತಾಸ ತಾಸ ಕಳದ ಮ್ಯಾಲ.

ಕಾಕಾ: ಒಂದ ನಿಮಿಷಕ್ಕ ಇಷ್ಟ?

ತಮ್ಮ: ಮೀನಿನ ಕಿವಿರಿನಾಗ ತೆಳ್ಳಗಿನ ಎಳಿ ಇರತಾವಲ್ರಿ, ನೀರಾಗ ಇದ್ದಾಗ ಅವು ಬಿಡಿಬಿಡಿಯಾಗಿ ಹರಡಿರತಾವ. ಹೊರಗ ತಗದ ಕೂಡಲೆ ಒಂದಕ್ಕೊಂದು ಅಂಟಿ ಮುದ್ದಿ ಆಗತಾವ, ಉಸಿರ ನಿಲ್ಲತದ. ನೀವು ಮೋರಟಗಿಯಿಂದ ಒಂದು ಹರದಾರಿ ಓಡಿ ಬಂದು, ನಿಂತ ಕೂಡಲೆ ಯಾರರ ಮೂಗು ಬಾಯಿ ಒತ್ತಿ ಹಿಡದಂಗ. ಗಾಳಕ್ಕ ಸಿಕ್ಕು ಎಳದಾಡೂದು ಅಂದ್ರ ಮೀನಿಗೆ ಅದೇ ಓಟ. ಮೈಯಾಗಿನ ಮಾಂಸದಾಗ ಆಮ್ಲ ತುಂಬತದ, ರಕ್ತ ಕೆಡತದ. ಮೊದಲೇ ಆಕ್ಸಿಜನ್ ಸಾಲ ಆಗಿರತದ, ಆಗ ನಾವು ಎತ್ತಿ ಫೋಟೋಕ್ಕ ನಗತೀವಿ.

ಕಾಕಾ: ಹಂಗಾದ್ರ ನಿಮ್ಮ ಕಾವೇರಿ ಮೀನ ಎಲ್ಲಾ ಸತ್ತಿರಬೇಕಲ್ಲ?

ತಮ್ಮ: ಇಲ್ರಿ. ಅದನ್ನೂ ನೋಡ್ಯಾರ. ಕಾವೇರಿಯ ನೀಲಿ ರೆಕ್ಕಿಯ ಮಶೀರ್ ಹಿಡದು, ರಕ್ತ ತಗದು, ಬಿಡೂ ಮುಂದ ಅದು ಮೈ ನೆಟ್ಟಗ ಹಿಡೀತದೋ ಇಲ್ಲೋ, ಬಾಲ ಹಿಡದ್ರ ಝಾಡಸತದೋ ಇಲ್ಲೋ ಅಂತ ಪರೀಕ್ಷೆ ಮಾಡಿ 2016ರಾಗ ಒಂದು ಅಧ್ಯಯನ ಬಂತು. ಆ ಮೀನ ಗಟ್ಟಿ ಜೀವ, ನೆಟ್ಟಗ ನಡಸಕೊಂಡ್ರ ತಡಕೋತದ ಅಂತ ಬರದಾರ. ಆದ್ರ ಹೊತ್ತ ಹಚ್ಚಿ ಎಳದಷ್ಟು ಸೋಲತದ. ದೊಡ್ಡ ಮೀನ ಎಳಿಯಾಕ ಹೊತ್ತ ಭಾಳ ಹಿಡೀತದ, ಅದಕ್ಕ ದೊಡ್ಡ ಮೀನಿಗೇ ಅಪಾಯ ಹೆಚ್ಚು. ತತ್ತಿ ಹೆಚ್ಚ ಇಡೂದೂ ಅದೇ ದೊಡ್ಡ ಮೀನ. ಮಜಾ ಬರಲಿ ಅಂತ ತೆಳುವ ದಾರ ಹಾಕಿ ಅರ್ಧ ತಾಸು ಆಡಸವರು ಇರತಾರ. ಅದು ಬರೂಬರಿ ಅಲ್ಲ. ದಪ್ಪ ತಂಗೂಸಿ, ಗಟ್ಟಿ ಕೋಲು ಹಾಕಿ ಎಷ್ಟ ಲಗೂ ಆಗ್ತದೋ ಅಷ್ಟ ಲಗೂ ದಂಡಿಗೆ ತರಬೇಕು.

ಕಾಕಾ: ನಮ್ಮ ಮರಳ್ ಮೀನ ನೋಡು. ಕಾವೇರಿ ಕಡಿಯವರು ಕೊರವ ಅಂತಾರಲ್ಲ. ಬುಟ್ಟಿಯಾಗ ಒದ್ದಿ ಅರಿವಿ ಹೊಚ್ಚಿ ಸಿಂದಗಿ ಸಂತಿಗೆ ಒಯ್ದ್ರೂ ಜೀವಂತ ಇರತದ.

ತಮ್ಮ: ಮರಳಿಗೆ ತಲಿಯೊಳಗ ಗಾಳಿ ಎಳಕೊಳ್ಳೂ ಬ್ಯಾರೆ ಅಂಗನ ಅದ. ಅದು ಹೊರಗಿನ ಗಾಳಿ ಉಸಿರಾಡತದ. ಅದನ್ನ ನೋಡಿ ಮಂದಿ, ಮೀನ ಅಂದ್ರ ಇಷ್ಟ ಗಟ್ಟಿ ಅಂತ ತಿಳೀತಾರ. ಕಟ್ಲಾ, ರೋಹು, ಮಶೀರ್‌ಗೆ ಆ ಸೌಲಭ್ಯ ಇಲ್ಲ. ಯಾವ ಮೀನ ಕೈಯಾಗ ಅದ ಅನ್ನೂದು ಮೊದಲ ಗೊತ್ತಿರಬೇಕು. ಇನ್ನೊಂದೂ ಹೇಳ್ತೀನಿ. ಆಲಮಟ್ಟಿಯಂಥಾ ಆಳ ನೀರಾಗ ತಳದಿಂದ ಗಪ್ಪನ ಮ್ಯಾಲ ಎಳದ್ರ ಮೀನಿನ ಹೊಟ್ಟಿಯಾಗಿನ ಗಾಳಿಚೀಲ ಉಬ್ಬತದ. ಕಟ್ಲಾ, ರೋಹುಗೆ ಆ ಚೀಲದಿಂದ ಗಂಟಲಿಗೆ ಒಂದು ಸಣ್ಣ ಕೊಳವಿ ಅದ, ಗಾಳಿ ಉಗುಳಿ ಹಗರಾಗತಾವ. ಅಮೆರಿಕದ ಬಾಸಿಗೆ ಅದಿಲ್ಲ, ನಮ್ಮ ಜಿಲೇಬಿ ಮೀನಿಗೂ ಇಲ್ಲ. ಬಿಟ್ಟ ಮ್ಯಾಲ ತಳಕ್ಕ ಇಳಿಯಾಕ ಆಗಲಾರದ ಮ್ಯಾಲನ ಒದ್ದಾಡತಾವ, ಹದ್ದಿನ ಪಾಲಾಗತಾವ.

ಕಾಕಾ: ಕೈಯಾಗ ಹಿಡಿಯೂ ರೀತಿ ಹೇಳು. ಅದರಾಗ ನನಗೂ ಅನುಭವ ಅದ, ಹೊಂದತದೋ ಇಲ್ಲೋ ನೋಡೂಣು.

ತಮ್ಮ: ಮೊದಲು ಕೈ ತೋಯಿಸಬೇಕು. ಒಣ ಕೈಲಿ ಮುಟ್ಟಬಾರದು.

ಕಾಕಾ: ಹೊಂದತು. ಮೀನಿನ ಮ್ಯಾಲಿನ ಲೋಳಿ ಹೋದ್ರ ಅದು ಉಳಿಯೂದಿಲ್ಲ. ನಾಕ ದಿನಕ್ಕ ಮೈಮ್ಯಾಲ ಬಿಳೇ ಬೂಸರ ಹತ್ತತದ, ಅರಳಿ ಇಟ್ಟಂಗ ಕಾಣತದ. ಅಂಥಾ ಮೀನ ಕಂಡ್ರ ಯಾರೋ ಒಣ ಕೈಲಿ ಹಿಡದಾರ, ಇಲ್ಲಾ ಬಲಿ ಉಜ್ಜೇದ ಅಂತ ಗೊತ್ತಾಗತದ.

ತಮ್ಮ: ಆ ಲೋಳಿನ ಅದರ ರೋಗ ತಡಿಯೂ ಕವಚ. ಗಂಟಿನ ನೈಲಾನ್ ಕೈಬಲಿಯಿಂದ ಎತ್ತಿದ್ರ ಲೋಳಿ ಕಿತ್ತತದ, ಹುರುಪಿ ಏಳತದ, ರೆಕ್ಕಿ ಹರೀತದ. ಗಂಟಿಲ್ಲದ ರಬ್ಬರಿನ ಬಲಿ ಛಲೋ. ಎಲ್ಲಕ್ಕಿಂತ ಛಲೋ ಅಂದ್ರ ಎತ್ತದ ಇರೂದು. ಮೊಣಕಾಲ ನೀರಾಗ ನಿಂತು, ಮೀನ ನೀರಾಗ ಇದ್ದಾಗನ ಗಾಳ ಬಿಡಿಸಿ ಅಲ್ಲೇ ಬಿಡಬೇಕು.

ಕಾಕಾ: ದಂಡಿ ಮ್ಯಾಲಿನ ಕರೀ ಕಲ್ಲ ಮರೀಬ್ಯಾಡ. ನಮ್ಮ ಕಡಿ ಬಿಸಲಿಗೆ ಆ ಕಲ್ಲಿನ ಮ್ಯಾಲ ಬರಿಗಾಲ ಇಡಾಕ ಆಗೂದಿಲ್ಲ. ಅದರ ಮ್ಯಾಲ ಮೀನ ಒಗದು, ಮೊಬೈಲ್ ಹುಡುಕ್ಕೋತ ಕೂಡತಾರ ಹುಡುಗರು. ಚರ್ಮ ಸುಡತದ, ಒದ್ದಾಡಿ ತಲಿ ಬಡಕೋತದ. ಎರೀ ಮಣ್ಣಿನ ಮ್ಯಾಲ ಇಟ್ರ ಕಿವಿರಿನಾಗ ಮಣ್ಣ ತುಂಬತದ. ಇಡಲೇಬೇಕು ಅಂದ್ರ ತೋಯಿಸಿದ ಗೋಣಿಚೀಲದ ಮ್ಯಾಲ ಇಡಬೇಕು.

ತಮ್ಮ: ಎತ್ತೂ ರೀತಿಯೊಳಗೂ ಅದ. ಬಾಸ್ ಮೀನಿಗೆ ಅಮೆರಿಕದವರು ಕೆಳದವಡಿಯಾಗ ಹೆಬ್ಬಟ್ಟ ಹಾಕಿ ಎತ್ತತಾರ. ಸಣ್ಣ ಮೀನಿಗೆ ನಡೀತದ. ದೊಡ್ಡ ಬಾಸ್ ಹಂಗ ಅಡ್ಡ ಚಾಚಿ ಹಿಡದ್ರ ಇಡೀ ಮೈ ಭಾರ ದವಡಿ ಕೀಲಿನ ಮ್ಯಾಲ ಬೀಳತದ. ದವಡಿ ಕೆಟ್ರ ಅದಕ್ಕ ಬ್ಯಾಟಿ ಆಡಾಕ ಬರೂದಿಲ್ಲ. ಅದಕ್ಕ ಇನ್ನೊಂದು ಕೈ ಹೊಟ್ಟಿ ಕೆಳಗ ಇರಬೇಕು ಅಂತ ಅಲ್ಲಿ ಈಗ ಎಲ್ಲಾರೂ ಹೇಳ್ತಾರ. ನಮ್ಮ ಕಟ್ಲಾ, ರೋಹು, ಮಶೀರ್‌ನ ಬಾಯಿ ಮೆತ್ತಗ, ಅಂಥಾ ದವಡಿ ಅಲ್ಲ. ಇವನ್ನ ತುಟಿ ಹಿಡದು ತೂಗಲೇಬಾರದು. ಒಂದು ಕೈ ಬಾಲದ ಬುಡಕ್ಕ, ಒಂದು ಕೈ ಎದಿ ಕೆಳಗ, ಮೀನ ಅಡ್ಡಲಾಗಿ, ನೀರಿಗೆ ತಾಗಿದಂಗ.

ಕಾಕಾ: ಕಿವಿರಿಗೆ ಬೆರಳ ಹಾಕಿ ಎತ್ತತಾರಲ್ಲ, ಅದು ಸಂತಿಗೆ ಒಯ್ಯೂ ಮೀನಿಗೆ. ಬಿಡೂ ಮೀನಿಗೆ ಅಲ್ಲ. ಕಿವಿರಿನಾಗ ರಕ್ತ ಬಂತಂದ್ರ ಬಿಟ್ರೂ ಬಿಡದಿದ್ರೂ ಒಂದ. ಅಂಥಾದನ್ನ ಮನಿಗೆ ಒಯ್ದು ಸಾರ ಮಾಡೂದ ಯೋಗ್ಯ. ವ್ಯರ್ಥ ಹೋಗಬಾರದು.

ತಮ್ಮ: ಕಾನೂನಿನಾಗ ಹಿಡಿಯಾಕ ಅವಕಾಶ ಇರೂ ಮೀನ ಆಗಿದ್ರ ಆ ಮಾತ ಖರೆ. ಇನ್ನ ಗಾಳ. ಗಾಳದ ತುದಿಗೆ ಹಿಂದಕ್ಕ ಬಾಗಿದ ಸಣ್ಣ ಮುಳ್ಳ ಇರತದಲ್ಲ, ಅದನ್ನ ಪಕ್ಕಡದಿಂದ ಒತ್ತಿ ಮಲಗಿಸಿಬಿಡಬೇಕು. ಆಗ ಹೊರಗ ತಗಿಯಾಕ ಒಂದ ಕ್ಷಣ. ಮೂರು ಮುಳ್ಳಿನ ಗಾಳ ಬ್ಯಾಡ. ಒಂದು ಬಾಯಿಗೆ ಹತ್ತಿದ್ರ ಇನ್ನೊಂದು ಕಣ್ಣಿಗೆ, ಕಿವಿರಿಗೆ ಹತ್ತತದ.

ಕಾಕಾ: ನುಂಗಿದ್ರ?

ತಮ್ಮ: ನುಂಗಿದ್ರ ಕೈ ಹಾಕಬಾರದು. ದಾರ ಬಾಯಿ ಹತ್ತಿರ ಕತ್ತರಿಸಿ ಬಿಡಬೇಕು. ಗಂಟಲಾಗಿನ ಗಾಳ ಕಿತ್ತಾಕ ಹೋದ್ರ ಕಿವಿರು, ಗುಂಡಿಗಿ ಹರೀತಾವ. ಗುಂಡಿಗಿ ಗಂಟಲಿಗೆ ಭಾಳ ಹತ್ತಿರ ಇರತದ ಮೀನಿಗೆ. ಬಿಟ್ಟ ಗಾಳ ಎಷ್ಟೋ ಮೀನ ತಾವ ಹೊರಗ ಹಾಕತಾವ, ಇಲ್ಲಾ ತುಕ್ಕ ಹಿಡದು ಕರಗತದ. ಅದಕ್ಕ ತುಕ್ಕ ಹಿಡಿಯಲಾರದ ಸ್ಟೀಲ್ ಗಾಳ ಬಳಸಬಾರದು.

ಕಾಕಾ: ಬಿಡೂ ಮುಂದ? ಕೆಲವರು ಮೀನ ನೀರಾಗ ಹಿಂದ ಮುಂದ ಹಿಂದ ಮುಂದ ತೊಳದಂಗ ಮಾಡತಾರ.

ತಮ್ಮ: ಅದು ಬ್ಯಾಡ್ರಿ. ನೀರು ಬಾಯಿಂದ ಹೊಕ್ಕು ಕಿವಿರಿನಿಂದ ಹೊರಗ ಬರಬೇಕು, ಅದೊಂದ ದಾರಿ. ಹಿಂದಕ್ಕ ಎಳದ್ರ ಉಲ್ಟಾ ಹೊಕ್ಕತದ. ಹೊಳಿ ಹರದ ಬರೂ ಕಡಿಗೆ ಬಾಯಿ ಎದುರ ಮಾಡಿ ಸುಮ್ಮ ಹಿಡಕೊಂಡು ನಿಂತ್ರ ಸಾಕು. ಹೊಟ್ಟಿ ಕೆಳಗ ಮಾಡಿ ತಾನ ನೆಟ್ಟಗ ನಿಂತ ಮ್ಯಾಲ, ಬಾಲದಿಂದ ಕೈ ಒದ್ದ ಮ್ಯಾಲ ಬಿಡಬೇಕು. ಕಾವೇರಿ ಶಿಬಿರದಾಗ ಫೋಟೋ ತಗಿಯೂತನಕ ಮೀನಿಗೆ ಹಗ್ಗ ಹಾಕಿ ನೀರಾಗ ಕಟ್ಟಿಡೂ ರೂಢಿ ಮೊದಲ ಇತ್ತು. ನನ್ನ ಪ್ರಕಾರ ಆ ಕಾಲ ಮುಗೀತು. ಕ್ಯಾಮೆರಾ ಮೊದಲ ತಯಾರ ಇರಬೇಕು, ಮೀನ ಆಮ್ಯಾಲ ಏಳಬೇಕು, ಹತ್ತ ಎಣಸೂದರಾಗ ನೀರಿಗೆ ಹೋಗಬೇಕು. ಆಗಲಿಲ್ಲಂದ್ರ ಫೋಟೋನ ಬ್ಯಾಡ.

ಕಾಕಾ: ಒಂದ ತಿಳಕೋ ತಮ್ಮಾ. ನೀ ಹೇಳಿದ್ದು ಕೋಲಿನವರಿಗೆ ಅಷ್ಟ ಅಲ್ಲ, ಬಲಿಯವರಿಗೂ ಹತ್ತತದ. ಬಲಿಯಾಗ ಬೊಟ್ಟಿನಷ್ಟ ಮರಿ ಬರತಾವ, ಸರಕಾರದವರು ಬಿಟ್ಟ ಕಟ್ಲಾ, ರೋಹು ಮರಿ. ಮಾರಿದ್ರ ಬೆಲಿ ಇಲ್ಲ, ಬೆಳದ್ರ ಎರಡ ಕಿಲೋ ಆಗತಾವ. ದೋಣಿಯಿಂದ ಆ ಮರಿ ಎತ್ತಿ ದೂರ ಒಗೀತಾರ. ನೀರಿಗೆ ಬಿದ್ದ ಪೆಟ್ಟಿಗೇ ಅರ್ಧ ಸಾಯ್ತಾವ. ಬಲಿ ನೀರಾಗ ಇರೂ ಮುಂದನ ಮರಿ ಆರಿಸಿ, ಕೈ ನೀರಾಗ ಮುಳುಗಿಸಿ ಬಿಡಬೇಕು. ದೋಣಿ ತುಂಬ ಹಾಕಿಕೊಂಡು ದಂಡಿಗೆ ಬಂದ ಮ್ಯಾಲ ಆರಸೂದಲ್ಲ. ಮತ್ತ ಮಿರಗದ ಮಳಿಗೆ ಹೊಸ ನೀರ ಬಂದಾಗ ತತ್ತಿ ತುಂಬಿದ ಹೆಣ್ಣ ಮೀನ ಪ್ರವಾಹದ ಎದುರ ಏರತಾವ. ಅದರ ಹೊಟ್ಟಿ ಒತ್ತಿದ್ರ ಸಾಕು, ತತ್ತಿ ಸುರೀತದ. ಅಂಥಾದನ್ನ ಬಿಡೂ ಕೈ ಹಗರ ಇರಬೇಕು.

ತಮ್ಮ: ಇದನ್ನ ಕೋಲಿನವರಿಗೆ ಯಾರೂ ಹೇಳಿಕೊಟ್ಟಿಲ್ರಿ.

ಕಾಕಾ: ಬ್ಯಾಸಿಗಿ ಸುದ್ದಿ ನೀ ಇನ್ನೂ ಹೇಳಲಿಲ್ಲ.

ತಮ್ಮ: ಹೇಳ್ತೀನಿ. 20 ಡಿಗ್ರಿ ತಣ್ಣಗಿನ ನೀರು ಲೀಟರಿಗೆ 9 ಮಿಲಿಗ್ರಾಮ್ ಆಕ್ಸಿಜನ್ ಹಿಡಕೋತದ. 30 ಡಿಗ್ರಿಗೆ ಬಂದ್ರ ಏಳೂವರಿಗೆ ಇಳೀತದ. ಅತ್ತ ನೀರ ಬಿಸಿ ಆದಂಗ ಮೀನಿಗೆ ಬೇಕಾಗೂದು ಏರತದ. ಸಿಂದಗಿ, ಇಂಡಿ ಕಡಿ ಬಿಸಲು 40 ದಾಟಿದಾಗ ಬ್ಯಾರೇಜಿನ ಹಿಂದ ನಿಂತ ತೆಳುವ ನೀರು ಹ್ಯಾಂಗಿರತದ ನೀವ ಹೇಳ್ರಿ. ಅದಕ್ಕ ನಸಿಕಿನಾಗ ಹೋಗೂದು ಛಲೋ ಅಂತಾರ.

ಕಾಕಾ: ಹರಿಯೂ ಹೊಳಿಗೆ ಖರೆ. ನಿಂತ ನೀರಿಗೆ, ಕೆರಿಗೆ ಅಲ್ಲ. ಪಾಚಿ ಕಟ್ಟಿದ ಕೆರಿಯಾಗ ನಸಿಕಿನಾಗ ಹೋಗಿ ನೋಡು, ಮೀನ ಮ್ಯಾಲ ಬಂದು ಬಾಯಿ ಬಾಯಿ ಬಿಡತಿರತಾವ.

ತಮ್ಮ: ಹೌದ್ರಿ, ರಾತ್ರಿ ಎಲ್ಲಾ ಪಾಚಿಯೂ ಆಕ್ಸಿಜನ್ ತಿಂತದ. ಬೆಳಗಾಗೂ ಮುಂದನ ಅದು ಅತೀ ಕಡಿಮಿ ಇರತದ.

ಕಾಕಾ: ಹಂಗಾದ್ರ ಬ್ಯಾಸಿಗ್ಯಾಗ ಮುಂಜಾನೆನೂ ಇಲ್ಲ, ಮಧ್ಯಾಹ್ನನೂ ಇಲ್ಲ. ನಾವು ತಿನ್ನಾಕ ಹಿಡಿಯೂದು ಬ್ಯಾರೆ, ಹಿಡದದ್ದು ಸಾಯೂದು ಅಂತ ತಿಳದ ಹಿಡೀತೀವಿ. ನೀವು ಬದುಕಸ್ತೀವಿ ಅಂತ ಹೇಳಿ ಹಿಡಿಯೂ ಮಂದಿ. ನಿಮಗ ಲೆಕ್ಕ ಬಿಗಿ ಇರಬೇಕು. ಯುಗಾದಿ ಆದ ಮ್ಯಾಲ ನೀರ ಕಾಯ್ತದ, ಬಿಡೂ ಗಾಳ ಹಾಕಬ್ಯಾಡ್ರಿ. ಮಿರಗ ಕೂಡಿದ ಮ್ಯಾಲ ಮೀನ ತತ್ತಿ ಹೊತ್ತಿರತಾವ, ಆಗೂ ಬ್ಯಾಡ. ದಸರಾದಿಂದ ಶಿವರಾತ್ರಿ ತನಕ ನೀರ ತಣ್ಣಗಿರತದ, ಆವಾಗ ಹಾಕ್ರಿ. ನಿನ್ನ ಜೋಡಿ ಕೋಲ ಹಿಡದ ಬರೂ ಹುಡುಗರಿಗೂ ಇದನ್ನ ಹೇಳು.